ಮಗ್ಗುಲು ಬದಲಿಸುವ ಕಾರ್ಖಾನೆ

ಇಟ್ಟಿಗೆ ಕೊಯ್ಯುವವನ ಬಳಿ ಇರುವುದು ಒಂದೇ ಅಚ್ಚು. ಹದ ಮಾಡಿದ ಮಣ್ಣನ್ನು ಅದರಲ್ಲಿ ಒತ್ತಿ, ಮೇಲೆ ಸವರಿ, ಅಚ್ಚನ್ನು ಎತ್ತಿದನೆಂದರೆ ಒಂದು ಇಟ್ಟಿಗೆ ಸಿದ್ಧ. ಸಂಜೆಯ ಹೊತ್ತಿಗೆ ನೂರಾರು ಇಟ್ಟಿಗೆಗಳು ಸಾಲುಗಟ್ಟಿ ಮರುದಿನದ ಬಿಸಿಲಿಗೆ ಕಾದಿರುತ್ತವೆ. ಕುಂಬಾರನಿಗಾದರೋ ಅಂಥ ಅಚ್ಚಿಲ್ಲ. ದೀಪಾವಳಿ ಹತ್ತಿರವಾದರೆ ಅವನ ತಿಗರಿಯ ಮೇಲೆ ಹಣತೆ ಮೂಡುತ್ತದೆ. ಬೇಸಗೆ ಬಂದರೆ ಹೂಜಿ. ಮದುವೆಯ ಕಾಲಕ್ಕೆ ಐರಣಿ ಗಡಿಗೆ. ಇಟ್ಟಿಗೆಯವನಷ್ಟು ಬೇಗ, ಅವನಷ್ಟು ಅಗ್ಗವಾಗಿ ಇವನು ಮಾಡಲಾರ. ಆದರೆ ಊರಿನ ಬೇಡಿಕೆ ಹೊರಳಿದಾಗ ಇವನ ಕೈಯೂ ಅದರೊಡನೆ ಹೊರಳುತ್ತದೆ. ಇವರಿಬ್ಬರಲ್ಲಿ ಜಾಣನಾರು ಎಂದು ಕೇಳಿದರೆ ಹಳ್ಳಿಯ ಹಿರಿಯರು ನಕ್ಕು, ಇಬ್ಬರೂ ಬೇಕಲ್ಲವೆ ಎಂದಾರು. ಆದರೆ ಸಾವಿರಾರು ಸಂಸಾರಗಳಿಗೆ ಅನ್ನವಿಕ್ಕುವ ದೊಡ್ಡ ಕಾರ್ಖಾನೆಗಳ ಚರಿತ್ರೆಯಲ್ಲಿ ಈ ಪ್ರಶ್ನೆ ನಗೆಯಲ್ಲಿ ತೀರಿಹೋಗಿಲ್ಲ. ಕೆಲವು ಕಾರ್ಖಾನೆಗಳನ್ನು ಅದು ಎತ್ತಿ ನಿಲ್ಲಿಸಿದೆ. ಕೆಲವಕ್ಕೆ ಬೀಗ ಹಾಕಿಸಿದೆ.

ತಯಾರಿಕೆಯನ್ನು ಬೇಕಾದಾಗ ಬೇಕಾದತ್ತ ತಿರುಗಿಸಬಲ್ಲ ಈ ಗುಣವನ್ನು ಪಂಡಿತರು ‘ನಮ್ಯತೆ’ ಎಂದು ಕರೆಯುತ್ತಾರೆ. ಅದರ ಬೆಲೆ ಏನೆಂಬುದನ್ನು ಜಗತ್ತಿಗೆ ಮೊದಲು ದೊಡ್ಡ ಪ್ರಮಾಣದಲ್ಲಿ ತೋರಿಸಿಕೊಟ್ಟವನು, ಆ ಗುಣವನ್ನು ಬೇಕೆಂದೇ ದೂರವಿಟ್ಟ ಹೆನ್ರಿ ಫೋರ್ಡ್ ಎಂಬುದು ವಿಚಿತ್ರವಾದರೂ ನಿಜ.

1908ರ ಅಕ್ಟೋಬರಿನಲ್ಲಿ ಫೋರ್ಡನ ಕಂಪನಿ ‘ಮಾಡೆಲ್ ಟಿ’ ಎಂಬ ಮೋಟಾರು ಕಾರನ್ನು ಅಮೆರಿಕದ ಮಾರುಕಟ್ಟೆಗೆ ತಂದಾಗ ಅದರ ಬೆಲೆ 850 ಡಾಲರು. ಕಾರೆಂಬುದು ಆಗ ಸಿರಿವಂತರ ಆಟಿಕೆ. ಅದನ್ನು ರೈತನ ಮನೆಯ ಅಂಗಳಕ್ಕೂ ತರಬೇಕೆಂಬುದು ಫೋರ್ಡನ ಹಂಬಲ. ಅದಕ್ಕೆ ಅವನು ಕಂಡುಕೊಂಡ ಉಪಾಯ ಇಟ್ಟಿಗೆಯವನದೇ. ಮಾದರಿ ಒಂದೇ, ವರ್ಷ ಕಳೆದರೂ ಅದೇ. 1914ರಿಂದ 1925ರವರೆಗೆ ಬಣ್ಣವೂ ಒಂದೇ, ಕಪ್ಪು. 1913ರಲ್ಲಿ ಹೈಲೆಂಡ್ ಪಾರ್ಕ್ ಕಾರ್ಖಾನೆಯಲ್ಲಿ ಕೆಲಸಗಾರನು ಕಾರಿನ ಬಳಿಗೆ ನಡೆಯುವ ಬದಲು ಕಾರೇ ಕೆಲಸಗಾರನ ಮುಂದೆ ಸರಿದು ಬರುವ ಏರ್ಪಾಡಾಯಿತು. ಒಂದು ಷಾಸಿಯನ್ನು ಜೋಡಿಸಲು ಮೊದಲು ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದುದು 93 ನಿಮಿಷಕ್ಕೆ ಇಳಿಯಿತು. ಯಂತ್ರಗಳೂ ಹಾಗೆಯೇ. ಎಂಜಿನಿನ ಎರಕದ ದಿಂಡಿಗೆ ನಾಲ್ಕು ಕಡೆಯಿಂದ ಒಂದೇ ಸಲಕ್ಕೆ 45 ತೂತುಗಳನ್ನು ಕೊರೆಯುವ ಯಂತ್ರವೊಂದು ಅಲ್ಲಿತ್ತು. ಅದಕ್ಕೆ ಆ ಕೆಲಸ ಬಿಟ್ಟು ಬೇರೊಂದು ಬರುತ್ತಿರಲಿಲ್ಲ. ಆದರೆ ಆ ಕೆಲಸದಲ್ಲಿ ಅದಕ್ಕೆ ಸಮನಾದುದು ಲೋಕದಲ್ಲಿ ಮತ್ತೊಂದಿರಲಿಲ್ಲ. 1925ರ ಹೊತ್ತಿಗೆ ಮಾಡೆಲ್ ಟಿ ಕಾರಿನ ಅತಿ ಅಗ್ಗದ ಬಗೆ 260 ಡಾಲರಿಗೆ ಸಿಕ್ಕುತ್ತಿತ್ತು. ಇದನ್ನು ಮೂರ್ಖತನವೆಂದು ಯಾರು ಅಂದಾರು? ಫೋರ್ಡನನ್ನು ಆಡಿಕೊಳ್ಳುವ ಪುಸ್ತಕಗಳು ಅವನ ಕೊನೆಯ ಎರಡು ವರ್ಷಗಳನ್ನು ನೋಡಿ ಮೊದಲ ಹದಿನೈದನ್ನು ಮರೆತುಬಿಡುತ್ತವೆ.

ಆದರೆ ಕಾಲ ಹೊರಳಿತು. 1920ರ ದಶಕದ ನಡುವಿನಲ್ಲಿ ಅಮೆರಿಕದ ಗಿರಾಕಿ ಮೊದಲ ಕಾರನ್ನು ಕೊಳ್ಳುವ ರೈತನಾಗಿ ಉಳಿದಿರಲಿಲ್ಲ; ಎರಡನೆಯ ಕಾರನ್ನು ಕೊಳ್ಳುವ ಸಂಸಾರಿಯಾಗಿದ್ದನು. ಅಗ್ಗದ ಕಾರೇ ಬೇಕೆಂದವನಿಗೆ ಸೆಕೆಂಡ್ ಹ್ಯಾಂಡ್ ಕಾರುಗಳು ಬೇಕಾದಷ್ಟಿದ್ದವು. ಹೊಸದನ್ನು ಕೊಳ್ಳುವವನಿಗೆ ಮಳೆ ಚಳಿಗೆ ಮುಚ್ಚಿದ ಮೈ ಬೇಕು, ಬಣ್ಣ ಬೇಕು, ನೆರೆಮನೆಯವನದಕ್ಕಿಂತ ಹೊಸದಾದ ರೂಪ ಬೇಕು. ಜನರಲ್ ಮೋಟಾರ್ಸ್ ಕಂಪನಿಯ ಷೆವ್ರೊಲೆ ಕಾರು ಇವನ್ನೆಲ್ಲ ಕೊಟ್ಟಿತು. ಫೋರ್ಡನು ಬೆಲೆಯನ್ನು ಇನ್ನಷ್ಟು ಇಳಿಸಿ ನೋಡಿದನು. ಬೇರೆ ಏನನ್ನು ತಾನೆ ಮಾಡಿಯಾನು? ಅವನ ಕಾರ್ಖಾನೆಗೆ ಬರುತ್ತಿದ್ದುದು ಅದೊಂದೇ ವಿದ್ಯೆ.

1927ರ ಮೇ 26ರಂದು ಒಂದೂವರೆ ಕೋಟಿಯನೆಯ ಮಾಡೆಲ್ ಟಿ ಹೊರಬಂದಿತು. ಅದರ ಹಿಂದೆಯೇ ಆ ಮಾದರಿಯ ತಯಾರಿಕೆಯೂ ನಿಂತಿತು. ಹೊಸ ‘ಮಾಡೆಲ್ ಎ’ ಕಾರು ಜನರ ಕಣ್ಣಿಗೆ ಬಿದ್ದುದು ಡಿಸೆಂಬರ್ 2ರಂದು. ನಡುವಿನ ಆರು ತಿಂಗಳು ಜಗತ್ತಿನ ಅತಿ ದೊಡ್ಡ ಮೋಟಾರು ಕಾರ್ಖಾನೆ ಮಾರಲು ಹೊಸ ಕಾರಿಲ್ಲದೆ ಕುಳಿತಿತ್ತು. ಒಂದೇ ಕೆಲಸಕ್ಕೆಂದು ಹುಟ್ಟಿದ ಸಾವಿರಾರು ಯಂತ್ರಗಳಲ್ಲಿ ಕೆಲವನ್ನು ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಕೆಲವು ಗುಜರಿಗೆ ಹೋದವು. ಡೆಟ್ರಾಯಿಟ್ ನಗರದಲ್ಲಿ ಹತ್ತಾರು ಸಾವಿರ ಕೆಲಸಗಾರರು ಸಂಬಳವಿಲ್ಲದೆ ಮನೆಗೆ ನಡೆದರು. 1914ರಲ್ಲಿ ದಿನಕ್ಕೆ ಐದು ಡಾಲರು ಕೂಲಿ ಕೊಟ್ಟು ಲೋಕವನ್ನೇ ಬೆರಗುಗೊಳಿಸಿದ್ದ ಕಂಪನಿ ಅದು. ಊರೂರಿನ ಮಾರಾಟಗಾರರು ಬರಿದಾದ ಅಂಗಡಿಗಳಲ್ಲಿ ಕುಳಿತು, ಕೇಳಬಂದ ಗಿರಾಕಿಗೆ ‘ಇನ್ನೇನು ಬಂತು’ ಎಂದು ಹೇಳುತ್ತ ಕಾಲ ತಳ್ಳಿದರು. ಗಿರಾಕಿ ಎಷ್ಟು ದಿನ ಕಾದಾನು? ಅವನು ಬೀದಿ ದಾಟಿ ಷೆವ್ರೊಲೆ ಅಂಗಡಿಗೆ ಹೋದನು.

ಇದಕ್ಕೆ ಸೇರಿಸಿ ಓದಬೇಕಾದ ಇನ್ನೊಂದು ಸಂಗತಿಯಿದೆ. ಷೆವ್ರೊಲೆಯ ಮುಖ್ಯಸ್ಥನಾಗಿದ್ದ ವಿಲಿಯಂ ನುಡ್ಸೆನ್ ಡೆನ್ಮಾರ್ಕಿನಿಂದ ವಲಸೆ ಬಂದವನು. ಹಿಂದೆ ಫೋರ್ಡನ ಕೈಕೆಳಗೇ ದುಡಿದು 1921ರಲ್ಲಿ ಅಲ್ಲಿಂದ ಹೊರಬಿದ್ದವನು. ಒಂದೇ ಕೆಲಸ ಬಲ್ಲ ಯಂತ್ರಗಳನ್ನು ಕೂಡಿಡುವ ಬದಲು ಅವನು ಸ್ವಲ್ಪ ಮಾರ್ಪಡಿಸಿದರೆ ಹಲವು ಕೆಲಸಕ್ಕೆ ಒದಗುವ ಯಂತ್ರಗಳನ್ನು ಹಾಕಿಸಿದನು. 1929ರ ಮಾದರಿಗೆಂದು ಷೆವ್ರೊಲೆ ತನ್ನ ನಾಲ್ಕು ಸಿಲಿಂಡರಿನ ಎಂಜಿನನ್ನು ಬಿಟ್ಟು ಆರು ಸಿಲಿಂಡರಿನದಕ್ಕೆ ಹೊರಳಿತು. ಹೊಸ ಎಂಜಿನಿನ ತಯಾರಿಕೆಯನ್ನು ಬೇರೊಂದೆಡೆ ಸಣ್ಣ ಪ್ರಮಾಣದಲ್ಲಿ ಮೊದಲೇ ಅಭ್ಯಾಸ ಮಾಡಿ ನೋಡಿದ್ದರು. ಕೆಲಸ ನಿಂತದ್ದು ಸುಮಾರು ಮೂರು ವಾರ ಮಾತ್ರ. ಅಲ್ಲಿ ಆರು ತಿಂಗಳು, ಇಲ್ಲಿ ಮೂರು ವಾರ. ಮಾಡೆಲ್ ಎ ಒಳ್ಳೆಯ ಕಾರೇ ಆಗಿದ್ದು ಫೋರ್ಡನಿಗೆ ಒಂದೆರಡು ವರ್ಷ ಮೊದಲ ಸ್ಥಾನವನ್ನು ಮರಳಿ ಕೊಟ್ಟಿತಾದರೂ, ಹಿಂದಿನ ಏಕಚಕ್ರಾಧಿಪತ್ಯ ಅವನಿಗೆ ಮತ್ತೆ ದಕ್ಕಲಿಲ್ಲ.

ಇಷ್ಟಾದರೂ ಅಮೆರಿಕದವರು ಕಲಿತದ್ದು ಪಾಠದ ಅರ್ಧವನ್ನು. ವರ್ಷಕ್ಕೊಮ್ಮೆ ಮಾದರಿ ಬದಲಿಸುವುದನ್ನು ಕಲಿತರು; ದಿನಕ್ಕೆ ನಾಲ್ಕು ಸಲ ಬದಲಿಸುವ ಅಗತ್ಯ ಅವರಿಗಿರಲಿಲ್ಲ. ಆ ಅಗತ್ಯ ಬಿದ್ದುದು ಯುದ್ಧದಲ್ಲಿ ಸೋತು ಸೊರಗಿದ್ದ ಜಪಾನಿಗೆ.

1950ರಲ್ಲಿ ಟೊಯೋಟಾ ಕಂಪನಿಯ ಸ್ಥಿತಿ ಶೋಚನೀಯವಾಗಿತ್ತು. ಸಾಲ ಕುತ್ತಿಗೆಗೆ ಬಂದು, ಕೆಲಸಗಾರರಲ್ಲಿ ಸುಮಾರು ಕಾಲು ಭಾಗವನ್ನು ತೆಗೆಯಬೇಕಾಗಿ ಬಂದು, ದೀರ್ಘ ಮುಷ್ಕರ ನಡೆದು, ಕೊನೆಗೆ ಕಂಪನಿಯ ಅಧ್ಯಕ್ಷ ಕಿಯಿಚಿರೊ ಟೊಯೋಡಾ ತಾನೇ ರಾಜೀನಾಮೆ ಕೊಟ್ಟನು. ಉಳಿದವರಿಗೆ ಕೆಲಸ ಹೋಗುವುದಿಲ್ಲವೆಂಬ ಭರವಸೆ ಸಿಕ್ಕಿತು. ಅದಕ್ಕೆ ಪ್ರತಿಯಾಗಿ ಯಾವ ಕೆಲಸಕ್ಕೆ ಹಾಕಿದರೂ ಮಾಡುವೆವೆಂದು ಕೆಲಸಗಾರರು ಒಪ್ಪಿದರು. ಈ ಒಪ್ಪಂದವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಕಥೆಯ ಬೇರು ಇಲ್ಲಿದೆ. ಅದೇ ವರ್ಷ ಏಜಿ ಟೊಯೋಡಾ ಎಂಬ ತರುಣ ಇಂಜಿನಿಯರು ಫೋರ್ಡ್ ಕಂಪನಿಯ ರೂಜ್ ಕಾರ್ಖಾನೆಯನ್ನು ನೋಡಲು ಅಮೆರಿಕಕ್ಕೆ ಹೋದನು. ಅಲ್ಲಿ ದಿನವೊಂದಕ್ಕೆ 7,000 ಕಾರುಗಳು ತಯಾರಾಗುತ್ತಿದ್ದವು. ಟೊಯೋಟಾ ತನ್ನ ಹದಿಮೂರು ವರ್ಷಗಳ ಬಾಳಿನಲ್ಲಿ ತಯಾರಿಸಿದ್ದ ಕಾರುಗಳು ಒಟ್ಟು 2,685.

ಇಲ್ಲಿ ಸ್ವಲ್ಪ ಲೆಕ್ಕ ಮಾಡಿ ನೋಡಬೇಕು. ಕಾರಿನ ಮೈಯನ್ನು ಉಕ್ಕಿನ ತಗಡಿನಿಂದ ಒತ್ತಿ ಮಾಡುತ್ತಾರೆ. ಒತ್ತುವ ಯಂತ್ರಕ್ಕೆ ಪ್ರೆಸ್ ಎಂದು ಹೆಸರು. ಅದರಲ್ಲಿ ಕೂರಿಸುವ ಅಚ್ಚಿಗೆ ಡೈ. ಬಾಗಿಲಿಗೆ ಒಂದು ಡೈ, ಮುಂಭಾಗದ ಮುಚ್ಚಳಕ್ಕೆ ಇನ್ನೊಂದು. ಟನ್ನುಗಟ್ಟಲೆ ಭಾರದ ಈ ಅಚ್ಚುಗಳನ್ನು ಬದಲಿಸಿ, ಕೂದಲೆಳೆಯಷ್ಟೂ ಓರೆಯಾಗದಂತೆ ಕೂರಿಸುವುದು ಗಂಟೆಗಟ್ಟಲೆಯ ಕೆಲಸ. ಬದಲಾವಣೆಗೆ ನಾಲ್ಕು ಗಂಟೆ, ಎಂದರೆ 240 ನಿಮಿಷ ಹಿಡಿಯಿತೆನ್ನೋಣ. ಆ ಬಳಿಕ 240 ಬಾಗಿಲುಗಳನ್ನು ಒತ್ತಿದರೆ ಒಂದೊಂದರ ತಲೆಯ ಮೇಲೆ ಒಂದು ನಿಮಿಷದ ವ್ಯರ್ಥ ಕೂರುತ್ತದೆ. 2,400 ಒತ್ತಿದರೆ ಒಂದು ನಿಮಿಷದ ಹತ್ತನೆಯ ಒಂದು ಪಾಲು ಮಾತ್ರ. ಆದುದರಿಂದ ಅಚ್ಚನ್ನು ಒಮ್ಮೆ ಕೂರಿಸಿದರೆ ಸಾವಿರಗಟ್ಟಲೆ ಒತ್ತಿ ರಾಶಿ ಹಾಕುವುದೇ ಜಾಣತನವೆಂದು ಎಲ್ಲರೂ ನಂಬಿದ್ದರು. ಲಕ್ಷಗಟ್ಟಲೆ ಕಾರು ಮಾರುವ ಅಮೆರಿಕಕ್ಕೆ ಅದು ಸರಿ. ಕೈಯಲ್ಲಿ ಕಾಸಿಲ್ಲದ ಟೊಯೋಟಾ 2,400 ಬಾಗಿಲುಗಳನ್ನು ಒತ್ತಿಟ್ಟುಕೊಂಡು ಏನು ಮಾಡಬೇಕು? ಅಷ್ಟು ಉಕ್ಕಿಗೆ ಹಣವೆಲ್ಲಿ, ಇಡಲು ಜಾಗವೆಲ್ಲಿ, ಕೊಳ್ಳುವವರೆಲ್ಲಿ?

ಕಂಪನಿಯ ಇಂಜಿನಿಯರು ತಾಯಿಚಿ ಓನೊ ಈ ಗಂಟನ್ನು ಇನ್ನೊಂದು ತುದಿಯಿಂದ ಬಿಚ್ಚಲು ಕುಳಿತನು. ಬದಲಾವಣೆಗೆ ನಾಲ್ಕು ಗಂಟೆ ಹಿಡಿಯಲೇಬೇಕೆಂದು ಬರೆದವರಾರು? ಅದೇ ಕೆಲಸ ಮೂರು ನಿಮಿಷದಲ್ಲಿ ಮುಗಿಯುವುದಾದರೆ ಕೇವಲ 30 ಬಾಗಿಲುಗಳನ್ನು ಒತ್ತಿದರೂ ಒಂದೊಂದರ ಮೇಲೆ ಬೀಳುವ ವ್ಯರ್ಥ ಅದೇ ಹತ್ತನೆಯ ಒಂದು ಪಾಲು. ಎಂದರೆ, ಸಾವಿರಗಟ್ಟಲೆ ಮಾಡುವವನಿಗೆ ಸಿಕ್ಕುವ ಅಗ್ಗ ಮೂವತ್ತು ಮಾಡುವವನಿಗೂ ಸಿಕ್ಕಿದಂತಾಯಿತು. ಕುಂಬಾರನು ಇಟ್ಟಿಗೆಯ ಬೆಲೆಗೆ ಹಣತೆ ಮಾರಿದಂತೆ!

ಇದನ್ನು ಸಾಧಿಸಿದ ಬಗೆಯಲ್ಲಿ ಮಾಯಮಂತ್ರವೇನೂ ಇರಲಿಲ್ಲ. ಈ ವಿದ್ಯೆಗೆ ಶಾಸ್ತ್ರದ ರೂಪ ಕೊಟ್ಟ ಷಿಗಿಯೊ ಷಿಂಗೊ ಎಂಬ ಇಂಜಿನಿಯರು ತಾನು 1950ರಲ್ಲಿ ಹಿರೋಷಿಮಾದ ಟೊಯೊ ಕೊಗ್ಯೊ ಕಾರ್ಖಾನೆಯಲ್ಲಿ ಕಂಡದ್ದನ್ನು ಬರೆದಿಟ್ಟಿದ್ದಾನೆ. ಅಲ್ಲಿನ ದೊಡ್ಡ ಪ್ರೆಸ್ಸುಗಳಿಂದ ಕೆಲಸ ಸಾಗುತ್ತಿಲ್ಲ, ಇನ್ನಷ್ಟು ಪ್ರೆಸ್ಸುಗಳನ್ನು ಕೊಳ್ಳಬೇಕು ಎಂಬುದು ಮೇಲಿನವರ ಅಭಿಪ್ರಾಯ. ಷಿಂಗೊ ಮೊದಲು ನಿಂತು ನೋಡಿದನು. ಅಚ್ಚು ಬದಲಿಸುತ್ತಿದ್ದ ಕೆಲಸಗಾರನು ಇದ್ದಕ್ಕಿದ್ದಂತೆ ಎತ್ತಲೋ ಓಡಿದನು. ಬಹಳ ಹೊತ್ತಿನ ಮೇಲೆ ಬೋಲ್ಟೊಂದನ್ನು ಹಿಡಿದು ಬಂದನು. ಅಚ್ಚನ್ನು ಬಿಗಿಯಬೇಕಾದ ಬೋಲ್ಟುಗಳಲ್ಲಿ ಒಂದು ಕಾಣೆಯಾಗಿತ್ತು. ಹುಡುಕಿ ಸಿಕ್ಕದೆ, ಪಕ್ಕದ ಪ್ರೆಸ್ಸಿನ ಉದ್ದನೆಯ ಬೋಲ್ಟನ್ನು ತಂದು, ಕತ್ತರಿಸಿ, ಮರೆ ಹಾಕಿ ಹೊಂದಿಸಿಕೊಂಡು ಬಂದಿದ್ದನು. ನೂರಾರು ಟನ್ನಿನ ಪ್ರೆಸ್ಸು ಅಷ್ಟು ಹೊತ್ತೂ ಒಂದು ಬೋಲ್ಟಿಗಾಗಿ ಕೈಕಟ್ಟಿ ನಿಂತಿತ್ತು. ಮುಂದೆ ಆ ಪ್ರೆಸ್ಸಿಗೆ ಬೋಲ್ಟು ಯಾವುದರ ಪಾಲಾಯಿತೆಂಬುದು ಬೇರೆಯ ಚಿಂತೆ.

ಒಗ್ಗರಣೆಗೆ ಎಣ್ಣೆ ಕಾಯಲಿಟ್ಟು ಆಮೇಲೆ ಸಾಸಿವೆಯ ಡಬ್ಬಿಯನ್ನು ಹುಡುಕುವ ಗೃಹಿಣಿಯನ್ನು ಅತ್ತೆಯಾದವಳು ಸುಮ್ಮನೆ ಬಿಡುವಳೆ? ಷಿಂಗೊ ಹೇಳಿದುದು ಆ ಅತ್ತೆಯ ಮಾತನ್ನೇ. ಯಂತ್ರ ನಿಂತಾಗ ಮಾತ್ರ ಮಾಡಬಹುದಾದ ಕೆಲಸಗಳು ಬೇರೆ. ಯಂತ್ರ ಓಡುತ್ತಿರುವಾಗಲೇ ಮಾಡಿಟ್ಟುಕೊಳ್ಳಬಹುದಾದ ಕೆಲಸಗಳು ಬೇರೆ. ಮುಂದಿನ ಅಚ್ಚನ್ನು ತಂದು ಹತ್ತಿರ ನಿಲ್ಲಿಸುವುದು, ಬೋಲ್ಟುಗಳನ್ನು ಎಣಿಸಿಡುವುದು, ಎತ್ತರವನ್ನು ಹೊಂದಿಸಿಡುವುದು, ಇವೆಲ್ಲ ಎರಡನೆಯ ಬಗೆಯವು. 1969ರಲ್ಲಿ ಟೊಯೋಟಾದ ಸಾವಿರ ಟನ್ನಿನ ಪ್ರೆಸ್ಸೊಂದಕ್ಕೆ ಅಚ್ಚು ಬದಲಿಸಲು ನಾಲ್ಕು ಗಂಟೆ ಬೇಕಾಗುತ್ತಿತ್ತು. ಜರ್ಮನಿಯ ಫೋಕ್ಸ್‌ವಾಗನ್ ಕಂಪನಿ ಅದೇ ಕೆಲಸವನ್ನು ಎರಡು ಗಂಟೆಯಲ್ಲಿ ಮಾಡುತ್ತಿದೆಯೆಂಬ ಸುದ್ದಿ ಬಂದಿತ್ತು. ಆರು ತಿಂಗಳ ದುಡಿಮೆಯಿಂದ ಅದನ್ನು 90 ನಿಮಿಷಕ್ಕೆ ತಂದರು. ಮೇಲಿನವರು ತೃಪ್ತರಾಗದೆ ಮೂರು ನಿಮಿಷಕ್ಕೆ ಇಳಿಸಿ ಎಂದರು. ಇನ್ನು ಮೂರು ತಿಂಗಳಲ್ಲಿ ಅದೂ ಆಯಿತು.

ವ್ಯಾಪಾರಕ್ಕೆ ಇದರಿಂದ ಆದ ಲಾಭ ಕೇವಲ ನಿಮಿಷಗಳ ಲಾಭವಲ್ಲ. ರಾಶಿ ಬೀಳುವ ಸಾಮಾನು ಇಲ್ಲವಾದ್ದರಿಂದ ದಾಸ್ತಾನಿನಲ್ಲಿ ಹೂತುಹೋಗುತ್ತಿದ್ದ ಬಂಡವಾಳ ಹೊರಬಂದಿತು. ಅಚ್ಚಿನಲ್ಲಿ ದೋಷವಿದ್ದರೆ ಮೂವತ್ತು ಬಾಗಿಲು ಕೆಡುವುದರೊಳಗೆ ತಿಳಿಯುತ್ತಿತ್ತು. ಮೂರು ಸಾವಿರ ಕೆಟ್ಟ ಮೇಲಲ್ಲ. ಯಾವ ಬಗೆಯ ಕಾರನ್ನು ಜನ ಕೇಳುತ್ತಾರೋ ಅದನ್ನು ಅಂದಂದಿಗೆ ಮಾಡಬಹುದಾಯಿತು. ಈ ಎಲ್ಲದರ ಪರೀಕ್ಷೆ ನಡೆದುದು 1973ರಲ್ಲಿ ಎಣ್ಣೆಯ ಬೆಲೆ ಏರಿ ಜಪಾನಿನ ಉದ್ಯಮಗಳು ನೆಲಕಚ್ಚಿದಾಗ. ಟೊಯೋಟಾದ ಲಾಭವೂ ಇಳಿಯಿತು; ಆದರೆ ಅದು ಇತರರಿಗಿಂತ ಬೇಗ ಚೇತರಿಸಿಕೊಂಡುದನ್ನು ಕಂಡ ಮೇಲೆಯೇ ಜಪಾನಿನ ಉಳಿದ ಕಂಪನಿಗಳು ಓನೊವಿನ ಕಾರ್ಖಾನೆಯತ್ತ ಕಣ್ಣು ಹಾಯಿಸಿದುದು.

ಹಾಗಾದರೆ ಬೇಗ ಬೇಗ ಕೆಲಸ ಬದಲಿಸಬಲ್ಲ ಯಂತ್ರಗಳನ್ನು ಕೊಂಡುತಂದರಾಯಿತು ಎಂದು ತೋರುವುದು ಸಹಜ. ಅಮೆರಿಕದ ಹಲವು ಕಂಪನಿಗಳಿಗೆ ಹಾಗೆಯೇ ತೋರಿತು. ಗಣಕದ ಆಜ್ಞೆಯಂತೆ ಒಂದು ಭಾಗದ ಬಳಿಕ ಮತ್ತೊಂದನ್ನು ಕಡೆದುಕೊಡುವ ದುಬಾರಿ ಯಂತ್ರವ್ಯೂಹಗಳನ್ನು ಅವು ಹಾಕಿಸಿದವು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ, ಭಾರತೀಯ ಮೂಲದ ರಾಮಚಂದ್ರನ್ ಜೈಕುಮಾರ್ ಅವರು ಅಮೆರಿಕದ 35 ಮತ್ತು ಜಪಾನಿನ 60 ಯಂತ್ರವ್ಯೂಹಗಳನ್ನು ಹೋಲಿಸಿ 1986ರಲ್ಲಿ ಪ್ರಕಟಿಸಿದ ಲೇಖನ ಈ ಭ್ರಮೆಯನ್ನು ಹರಿಯಿತು. ಯಂತ್ರಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆದರೆ ಜಪಾನಿನ ಒಂದೊಂದು ವ್ಯೂಹವೂ ಸರಾಸರಿ 93 ಬಗೆಯ ಭಾಗಗಳನ್ನು ತಯಾರಿಸುತ್ತಿದ್ದರೆ, ಅಮೆರಿಕದ್ದು ತಯಾರಿಸುತ್ತಿದ್ದುದು ಸರಾಸರಿ ಹತ್ತನ್ನು. ಕುಂಬಾರನ ತಿಗರಿಯನ್ನು ಕೊಂಡುತಂದು ಅದರ ಮೇಲೆ ಇಟ್ಟಿಗೆ ಮಾಡುತ್ತಿದ್ದರು! ಜಪಾನಿನಲ್ಲಿ ಯಂತ್ರವನ್ನು ಬಲ್ಲ ಇಂಜಿನಿಯರುಗಳು ಅದರ ಪಕ್ಕದಲ್ಲೇ ನಿಂತು ದಿನವೂ ತಿದ್ದುತ್ತಿದ್ದರು. ಅಮೆರಿಕದಲ್ಲಿ ಅದು ಒಮ್ಮೆ ಓಡತೊಡಗಿದರೆ ಸಾಕು, ಮುಟ್ಟಿದರೆ ಎಲ್ಲಿ ನಿಂತೀತೋ ಎಂಬ ಅಂಜಿಕೆ. ನಮ್ಯತೆಗೆ ಹಣ ಕೊಟ್ಟವರಿಗೆ ಬಡ್ಡಿ ಮಾತ್ರ ಉಳಿಯಿತು.

ಎಲ್ಲ ಉದ್ಯಮಕ್ಕೂ ಈ ಗುಣ ಬೇಕೆಂದಲ್ಲ. ಸಿಮೆಂಟಿಗೆ ಬಣ್ಣ ಕೇಳುವವರು ಅಪರೂಪ. ಉಪ್ಪಿಗೆ ವರ್ಷಕ್ಕೊಂದು ಹೊಸ ಮಾದರಿ ಬೇಡ. ಬೇಡಿಕೆ ನಿಂತಲ್ಲಿ ನಿಂತಿರುವ ಕಡೆ ಫೋರ್ಡನ ದಾರಿಯೇ ಇಂದಿಗೂ ಅಗ್ಗ. ತೊಡಕು ಇರುವುದು, ಬೇಡಿಕೆ ಇನ್ನೂ ನಿಂತೇ ಇದೆಯೆಂದು ಭಾವಿಸುವುದರಲ್ಲಿ.

ಕನ್ನಡಿಗರಿಗೆ ಇದಕ್ಕೆ ದೂರದ ನಿದರ್ಶನ ಬೇಕಿಲ್ಲ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಸಂಸ್ಥೆ ಮೊದಲು ಮಾಡುತ್ತಿದ್ದುದು ಯಂತ್ರಗಳನ್ನು ಮಾಡುವ ಯಂತ್ರಗಳನ್ನು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಅದು ಕೈಗಡಿಯಾರಕ್ಕೆ ಕೈಹಾಕಿತು. 1960ರ ದಶಕದ ಕೊನೆಯಲ್ಲಿ ದೇಶದ ಕೈಗಾರಿಕೆಗೆ ಮಂಕು ಕವಿದು ಯಂತ್ರಗಳನ್ನು ಕೊಳ್ಳುವವರು ಕಡಮೆಯಾದಾಗ, ಸಂಸ್ಥೆ ಅಳುತ್ತ ಕೂರದೆ ಬೇರೆ ದಾರಿಗಳನ್ನು ಹುಡುಕಿತು. 1971ರಲ್ಲಿ ಚೆಕೊಸ್ಲೊವಾಕಿಯದ ಜೆಟರ್ ಕಂಪನಿಯ ತಂತ್ರವನ್ನು ಪಡೆದು ಹರಿಯಾಣದ ಪಿಂಜೋರಿನಲ್ಲಿ ಟ್ರಾಕ್ಟರನ್ನೂ ಮಾಡತೊಡಗಿತು. ಸರಕಾರಿ ಸಂಸ್ಥೆಯೊಂದು ಅಷ್ಟು ಚುರುಕಾಗಿ ಮಗ್ಗುಲು ಬದಲಿಸಿದುದು ಆಗ ಮೆಚ್ಚುಗೆಗೆ ಪಾತ್ರವಾಗಿತ್ತು, ಅದು ನ್ಯಾಯವೂ ಆಗಿತ್ತು. ಅದರ ಗಡಿಯಾರಗಳ ಮಾತಂತೂ ಹೇಳಬೇಕಾಗಿಲ್ಲ. ಅಳಿಯನ ಮಣಿಕಟ್ಟಿಗೆ, ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗನಿಗೆ, ನಿವೃತ್ತನಾಗುವ ಗುಮಾಸ್ತೆಗೆ, ಎಲ್ಲರಿಗೂ ಎಚ್‌ಎಂಟಿ. ಜನತಾ, ಸೋನಾ, ಪೈಲಟ್ ಎಂಬ ಹೆಸರುಗಳು ಮನೆಮಾತಾದವು.

ಅಷ್ಟರಲ್ಲಿ ಕೀಲಿ ಕೊಡಬೇಕಾಗಿಲ್ಲದ, ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಗಡಿಯಾರ ಬಂದಿತು. ಎಚ್‌ಎಂಟಿಗೆ ಆ ವಿದ್ಯೆ ತಿಳಿಯದಿರಲಿಲ್ಲ. ಟಾಟಾ ಸಂಸ್ಥೆಯೂ ತಮಿಳುನಾಡಿನ ಕೈಗಾರಿಕಾಭಿವೃದ್ಧಿ ನಿಗಮವೂ ಸೇರಿ 1984ರಲ್ಲಿ ಟೈಟನ್ ಕಂಪನಿಯನ್ನು ಸ್ಥಾಪಿಸುವ ಮೊದಲೇ ಎಚ್‌ಎಂಟಿ ಕ್ವಾರ್ಟ್ಜ್ ಗಡಿಯಾರವನ್ನು ಮಾಡಿತ್ತು. ಆದರೆ ಅದರ ಕಾರ್ಖಾನೆಗಳ ಬಹುಪಾಲು ಯಂತ್ರ, ಸಾವಿರಾರು ಕೆಲಸಗಾರರ ಕೈಚಳಕ, ಮಾರಾಟದ ಕ್ರಮ, ದಿಲ್ಲಿಯ ಒಪ್ಪಿಗೆಗೆ ಕಾಯುವ ರೂಢಿ ಇವೆಲ್ಲ ಕೀಲಿಯ ಗಡಿಯಾರಕ್ಕೇ ಹೊಂದಿಕೊಂಡಿದ್ದವು. ಕೇಳಿದವರಿಗೆಲ್ಲ ಗಡಿಯಾರ ಒದಗಿಸಲಾಗದಷ್ಟು ಬೇಡಿಕೆಯಿದ್ದ ದಿನಗಳಲ್ಲಿ ಬದಲಾಗಬೇಕೆಂದು ಯಾರಿಗೆ ತಾನೆ ತೋರೀತು? ಬೆಂಗಳೂರಿಗೆ ಒಂದು ಗಂಟೆಯ ಹಾದಿಯ ಹೊಸೂರಿನಲ್ಲಿ ನೆಲೆಯೂರಿದ ಟೈಟನ್ನಿಗೆ ಕಾಪಾಡಿಕೊಳ್ಳಬೇಕಾದ ಹಳೆಯ ಯಂತ್ರಗಳಿರಲಿಲ್ಲ. ಅದು ಕ್ವಾರ್ಟ್ಜನ್ನೇ ನೆಚ್ಚಿ, ಬಗೆಬಗೆಯ ವಿನ್ಯಾಸಗಳನ್ನು ಸ್ವಂತ ಅಂಗಡಿಗಳ ಗಾಜಿನ ಕಪಾಟುಗಳಲ್ಲಿ ಇಟ್ಟು, ಗಡಿಯಾರವನ್ನು ಒಡವೆಯಂತೆ ಮಾರಿತು. 1990ರ ದಶಕದಲ್ಲಿ ನಿಜವಾದ ಒಡವೆಯ ವ್ಯಾಪಾರಕ್ಕೂ ಇಳಿಯಿತು.

ಟೊಯೋಟಾದ ಕೆಲಸಗಾರನಿಗಿದ್ದ ಕೆಲಸದ ಭದ್ರತೆ ಎಚ್‌ಎಂಟಿಯವನಿಗೂ ಇತ್ತು. ಆದರೆ ಅಲ್ಲಿ ಭದ್ರತೆಯೊಡನೆ ಬಂದಿದ್ದ ಇನ್ನೊಂದು ಮಾತು, ಯಾವ ಕೆಲಸಕ್ಕಾದರೂ ಹೊರಳುವೆವೆಂಬುದು, ಇಲ್ಲಿ ಯಾರೂ ಕೇಳಲಿಲ್ಲ. ಕೇಳಬೇಕಾದವರಿಗೆ ತಾವೇ ತೀರ್ಮಾನಿಸುವ ಅಧಿಕಾರವೂ ಇರಲಿಲ್ಲ. ತಪ್ಪನ್ನು ಕೆಲಸಗಾರರ ತಲೆಗೆ ಕಟ್ಟುವುದು ಸುಲಭ, ಹಲವರು ಕಟ್ಟಿಯೂ ಇದ್ದಾರೆ, ಅದು ಅನ್ಯಾಯ. ಕೂದಲೆಳೆಗಿಂತ ತೆಳುವಾದ ಅಳತೆಗಳನ್ನು ಕಣ್ಣಿನಲ್ಲಿಟ್ಟುಕೊಂಡು ದುಡಿದ ಕೈಗಳಿಗೆ ಹೊಸದನ್ನು ಕಲಿಯುವುದು ಕಷ್ಟವಾಗುತ್ತಿರಲಿಲ್ಲ.

ಎಚ್‌ಎಂಟಿಯ ಗಡಿಯಾರದ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟವು 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಮುಚ್ಚುವರೆಂಬ ಸುದ್ದಿ 2014ರಲ್ಲೇ ಹೊರಬಿದ್ದಾಗ, ವರ್ಷಗಟ್ಟಲೆ ಅತ್ತ ಸುಳಿಯದಿದ್ದ ಜನರು ಎಚ್‌ಎಂಟಿ ಮಳಿಗೆಗಳ ಮುಂದೆ ನೆರೆದು, ಅಪ್ಪನ ಕೈಯಲ್ಲಿ ಇದ್ದಂಥದೇ ಒಂದು ಜನತಾ, ಒಂದು ಪೈಲಟ್ ಬೇಕೆಂದು ಕೇಳತೊಡಗಿದರು.